ಬೇರೆ ಬೇರೆ ವಿಷಯದ ಸಂಶೋಧಕರನ್ನು ಒಂದೇ ಕೋಣೆಯಲ್ಲಿ ಕೂರಿಸುವುದು ಹೇಗೆ? ಹುಬ್ಬಳ್ಳಿ-ಧಾರವಾಡದವರಿಗೊಂದು ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ ಓಡಾಡುವ ದಾರಿ ಸುಮಾರು 22 ಕಿಲೋಮೀಟರ್. ಆ ದಾರಿಯ ಆಚೆ ಈಚೆ ಏನೇನಿದೆ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಹುಬ್ಬಳ್ಳಿಯಲ್ಲಿ ನಾವೆಲ್ಲ ಇನ್ನೂ ಕಿಮ್ಸ್ ಅಂತಲೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು, ವಿದ್ಯಾನಗರದಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ನವನಗರದಲ್ಲಿ ಕಾನೂನು ವಿಶ್ವವಿದ್ಯಾಲಯ, ಸತ್ತೂರಿನಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜು. ಧಾರವಾಡಕ್ಕೆ ಬಂದರೆ ಕರ್ನಾಟಕ ವಿಶ್ವವಿದ್ಯಾಲಯ (ಕವಿವಿ), 1986ರಲ್ಲಿ ಶುರುವಾದ ಕೃಷಿ ವಿವಿ, ಮಾನಸಿಕ ಆರೋಗ್ಯದ ಡಿಮ್ಹಾನ್ಸ್, ಸಮಾಜವಿಜ್ಞಾನದವರ ಸಿಎಂಡಿಆರ್, ನೀರು-ನೆಲದ ಕೆಲಸ ಮಾಡುವ ವಾಲ್ಮಿ. 2015ರಲ್ಲಿ ಐಐಐಟಿ ಬಂತು, 2016ರಲ್ಲಿ ಐಐಟಿ. ಇನ್ನೊಂದಿಷ್ಟು ದೂರ ಹೋದರೆ ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿವಿ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿವಿ.

ಇಷ್ಟೆಲ್ಲ ಇದ್ದರೂ ಎತ್ತಿನಗುಡ್ಡದ ಕೃಷಿ ವಿವಿ ಲ್ಯಾಬಿನಲ್ಲಿ ಕೂತವರಿಗೆ ಪಾವಟೆ ನಗರದ ಕವಿವಿ ಲ್ಯಾಬಿನಲ್ಲಿ ಏನು ನಡೆಯುತ್ತಿದೆ ಅಂತ ಗೊತ್ತಿರುವುದಿಲ್ಲ. ಇಬ್ಬರೂ ಬೆಂಗಳೂರಿನ ಯಾವುದೋ ಸಮ್ಮೇಳನದಲ್ಲಿ ಊಟದ ಸಾಲಿನಲ್ಲಿ ನಿಂತಾಗ ಪರಿಚಯ ಆಗುತ್ತದೆ. 'ಅಯ್ಯ, ನೀವೂ ಧಾರವಾಡದವರೇನ್ರಿ?' ಅಂತ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಯಾಕೆಂದರೆ ನಮ್ಮ ಭಾಗದ ಒಳ್ಳೆಯ ಪ್ರಶ್ನೆಗಳು ಯಾವುವೂ ಒಂದೇ ವಿಭಾಗಕ್ಕೆ ಸೇರಿದವಲ್ಲ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ, ಕಪ್ಪತಗುಡ್ಡದ ಗಿಡಮೂಲಿಕೆ, ಲಕ್ಕುಂಡಿಯ ಬಾವಿಗಳು, ಎರೆ ಹೊಲದ ನೀರು, ಯಾವುದನ್ನೇ ಎತ್ತಿಕೊಳ್ಳಿ, ಮೂರ್ನಾಲ್ಕು ವಿಷಯದವರು ಸೇರದೆ ಮುಂದೆ ಹೋಗುವುದಿಲ್ಲ.

ಹಾಗಾಗಿ ಈ ಬರಹ. ದೊಡ್ಡ ಸಮ್ಮೇಳನ ಮಾಡುವುದು ಹೇಗೆ ಅಂತ ಇಲ್ಲಿಲ್ಲ, ಅದು ಎಲ್ಲರಿಗೂ ಗೊತ್ತಿದೆ. ತಿಂಗಳಿಗೊಮ್ಮೆ ಹದಿನೈದು ಜನ ಕೂತು, ತಮ್ಮ ಕೆಲಸ ಹಂಚಿಕೊಂಡು, ಅಲ್ಲಿಂದ ಒಂದೋ ಎರಡೋ ಜಂಟಿ ಕೆಲಸ ಹುಟ್ಟುವ ಹಾಗೆ ಮಾಡುವುದು ಹೇಗೆ ಅನ್ನುವುದಷ್ಟೇ. ಎಲ್ಲಕ್ಕೂ ತಳದಲ್ಲಿ ಒಂದೇ ಮಾತಿದೆ: ಕೂಟಕ್ಕೆ ಮುಗಿದ ಕೆಲಸ ತರಬೇಡಿ, ಎಲ್ಲಿ ಸಿಕ್ಕಿಕೊಂಡಿದ್ದೀರೋ ಅದನ್ನು ತನ್ನಿ. ಮುಗಿದ ಕೆಲಸ ಕೇಳಿದವರು ಚೆನ್ನಾಗಿದೆ ಅಂತ ಹೇಳಿ ಮನೆಗೆ ಹೋಗುತ್ತಾರೆ. ಸಿಕ್ಕಿಕೊಂಡ ಜಾಗ ತೋರಿಸಿದರೆ ಯಾರೋ ಒಬ್ಬರು ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ.

ಹೆಜ್ಜೆ 1: ಮೊದಲು ಪ್ರಶ್ನೆ, ಆಮೇಲೆ ಜನ

'ಎಲ್ಲ ವಿಭಾಗದವರೂ ಬನ್ನಿ' ಅಂತ ಕರೆದರೆ ಯಾರೂ ಬರುವುದಿಲ್ಲ, ಅಥವಾ ಹಾಜರಿ ಹಾಕಲು ಬರುತ್ತಾರೆ. ಮೊದಲ ಕೂಟಕ್ಕೆ ಒಂದು ವಿಷಯ ಇಟ್ಟುಕೊಳ್ಳಿ. ಅದು ಊರಿನದಾಗಿರಲಿ, ಕೈಗೆ ಸಿಗುವಂಥದ್ದಾಗಿರಲಿ. 'ಸುಸ್ಥಿರ ಅಭಿವೃದ್ಧಿ' ಬೇಡ. 'ಮಾಗಡಿ ಕೆರೆ' ಅಂತ ಇಡಿ. ಶಿರಹಟ್ಟಿ ತಾಲೂಕಿನ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, 2024ರಲ್ಲಿ ಇದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಹಕ್ಕಿಗಳು ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಅಂದಮೇಲೆ ಪ್ರಾಣಿಶಾಸ್ತ್ರದವರು ಬರಬಹುದು, ನೀರಿನ ರಸಾಯನ ನೋಡುವವರು ಬರಬಹುದು, ಬೆಳೆ ಹಾನಿಯ ಲೆಕ್ಕ ಹಾಕುವ ಅರ್ಥಶಾಸ್ತ್ರದವರು, ಪಶುವೈದ್ಯರು, ಪಂಚಾಯಿತಿ ಆಡಳಿತ ಓದಿದವರು, ಉಪಗ್ರಹ ಚಿತ್ರ ಓದಲು ಬರುವವರು, ಎಲ್ಲರಿಗೂ ಅಲ್ಲಿ ಜಾಗ ಇದೆ.

ಇನ್ನೊಂದು ಉದಾಹರಣೆ ಲಕ್ಕುಂಡಿ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದ ಶಾಸನ 1007ರದ್ದು. ಗದಗ ಸೀಮೆಯ ಹಳೆಯ ಶಾಸನಗಳಲ್ಲಿ ಕೆರೆ, ಬಾವಿ, ದತ್ತಿ ಕೊಟ್ಟ ಹೊಲದ ಗಡಿ ಇವೆಲ್ಲ ಬರುತ್ತವೆ. ಶಾಸನ ಓದುವವರಿಗೆ ಅದು ದಾನದ ವಿವರ. ಅಂತರ್ಜಲ ಓದುವವರ ಕೈಗೆ ಅದೇ ಪಠ್ಯ ಸಿಕ್ಕರೆ, ಸಾವಿರ ವರ್ಷದ ಹಿಂದೆ ಈ ಬಯಲುಸೀಮೆಯಲ್ಲಿ ನೀರು ಎಲ್ಲೆಲ್ಲಿ ನಿಲ್ಲುತ್ತಿತ್ತು ಅನ್ನುವುದಕ್ಕೆ ಒಂದು ನಕ್ಷೆಯ ಎಳೆ ಸಿಗಬಹುದು. ಇಬ್ಬರಲ್ಲಿ ಯಾರೂ ಒಬ್ಬರೇ ಇದನ್ನು ಮಾಡಲಾರರು.

ಹೆಜ್ಜೆ 2: ಜನರನ್ನು ಹುಡುಕುವುದು

ಶೋಧಗಂಗಾದಲ್ಲಿ ಹುಡುಕಿ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳನ್ನು ಒಟ್ಟುಗೂಡಿಸುವ ಜಾಲತಾಣ ಅದು, ಬಹಳಷ್ಟು ಪ್ರಬಂಧ ಪುಕ್ಕಟೆ ಸಿಗುತ್ತವೆ, ವಿಶ್ವವಿದ್ಯಾಲಯದ ಹೆಸರಿನಿಂದಲೂ ಹುಡುಕಬಹುದು. ಇನ್ನೂ ನಡೆಯುತ್ತಿರುವ ಕೆಲಸ ಬೇಕಾದರೆ ಶೋಧಗಂಗೋತ್ರಿಯಲ್ಲಿ ಸಾರಾಂಶಗಳಿರುತ್ತವೆ. ಕವಿವಿಯ ಸಸ್ಯಶಾಸ್ತ್ರ ವಿಭಾಗದಲ್ಲಿ ಕಪ್ಪತಗುಡ್ಡದ ಮೇಲೆ ಯಾರು ಕೆಲಸ ಮಾಡಿದ್ದಾರೆ ಅಂತ ತಿಳಿಯಲು ಅರ್ಧ ತಾಸು ಸಾಕು.

ಆದರೆ ಅಂತರ್ಜಾಲಕ್ಕಿಂತ ಜಾಸ್ತಿ ಗೊತ್ತಿರುವವರು ಇಬ್ಬರಿದ್ದಾರೆ. ಒಬ್ಬರು ಗ್ರಂಥಪಾಲಕರು, ಯಾರು ಯಾವ ಪುಸ್ತಕಕ್ಕೆ ಮತ್ತೆ ಮತ್ತೆ ಬರುತ್ತಾರೆ ಅಂತ ಅವರಿಗೆ ಗೊತ್ತು. ಇನ್ನೊಬ್ಬರು ಉಪಕರಣ ನೋಡಿಕೊಳ್ಳುವ ತಂತ್ರಜ್ಞರು. ಕವಿವಿಯ ಯುಸಿಕ್ (ವೈಜ್ಞಾನಿಕ ಉಪಕರಣಗಳ ಕೇಂದ್ರ) ಥರದ ಕಡೆ ಸ್ಯಾಂಪಲ್ ತೆಗೆದುಕೊಂಡು ಯಾರ್ಯಾರು ಬರುತ್ತಾರೆ, ಮಣ್ಣು ತರುವವರು ಯಾರು, ಔಷಧ ತರುವವರು ಯಾರು ಅನ್ನುವುದು ಅವರ ರಿಜಿಸ್ಟರಿನಲ್ಲೇ ಇರುತ್ತದೆ. ಇವರನ್ನು ಕೇಳಿ, ಕೂಟಕ್ಕೂ ಕರೆಯಿರಿ. ಹೆಚ್ಚಿನವರು ಇವರನ್ನು ಮರೆತುಬಿಡುತ್ತಾರೆ.

ಹದಿನೈದು ಜನ ಸರಿಯಾದ ಸಂಖ್ಯೆ. ಇಪ್ಪತ್ತು ದಾಟಿದರೆ ಅರ್ಧ ಜನ ಬರೀ ಕೇಳುಗರಾಗುತ್ತಾರೆ. ಹದಿನೈದರಲ್ಲಿ ಕನಿಷ್ಠ ಅರ್ಧ ಸಂಶೋಧನಾ ವಿದ್ಯಾರ್ಥಿಗಳಿರಲಿ. ದಿನವೂ ಲ್ಯಾಬಿನಲ್ಲಿ, ಹೊಲದಲ್ಲಿ ಕೈಯಾಡಿಸುವವರು ಅವರೇ, ಹೊಸದನ್ನು ಹಿಡಿಯುವ ಬಿಡುವು ಇರುವವರೂ ಅವರೇ. ಒಬ್ಬಿಬ್ಬರು ವಿವಿಯ ಹೊರಗಿನವರು ಬೇಕೇ ಬೇಕು. ರೈತ ಸಂಪರ್ಕ ಕೇಂದ್ರದವರು, ಎಪಿಎಂಸಿಯ ದಲಾಲರು, ತಾಲೂಕು ಆಸ್ಪತ್ರೆಯ ವೈದ್ಯರು, ವಿಷಯಕ್ಕೆ ತಕ್ಕ ಹಾಗೆ ಯಾರಾದರೂ ಸರಿ.

ಕರೆಯುವಾಗ ಸುತ್ತೋಲೆ ಕಳಿಸಬೇಡಿ. ಒಬ್ಬೊಬ್ಬರಿಗೂ ಬೇರೆ ಬರೆಯಿರಿ. ಹೀಗೆ:

'ನಮಸ್ಕಾರ ಮೇಡಂ. ಮೆಣಸಿನಕಾಯಿ ಒಣಗಿಸುವಾಗ ಬೂಸು ಹಿಡಿಯುವುದರ ಬಗ್ಗೆ ನಿಮ್ಮ ವಿದ್ಯಾರ್ಥಿಯೊಬ್ಬರ ಪ್ರಬಂಧ ಓದಿದೆ. ಮೂರನೇ ಅಧ್ಯಾಯದಲ್ಲಿ ಗೋದಾಮಿನ ತೇವದ ಲೆಕ್ಕ ಇದೆಯಲ್ಲ, ಅದರ ಬಗ್ಗೆ ನನಗೊಂದು ಪ್ರಶ್ನೆ ಇದೆ. ಬರುವ ಶನಿವಾರ ಮಧ್ಯಾಹ್ನ ಮೂರಕ್ಕೆ ಬೇರೆ ಬೇರೆ ವಿಷಯದ ಹದಿನೈದು ಜನ ಸೇರುತ್ತಿದ್ದೇವೆ. ಭಾಷಣ ಇಲ್ಲ, ಸ್ಲೈಡ್ ಬೇಡ. ಐದು ನಿಮಿಷ ನಿಮ್ಮ ಕೆಲಸದಲ್ಲಿ ಎಲ್ಲಿ ತೊಡಕಾಗಿದೆ ಅಂತ ಹೇಳಿದರೆ ಸಾಕು. ಐದಕ್ಕೆ ಮುಗಿಸುತ್ತೇವೆ.'

ಇಲ್ಲಿ ಎರಡು ಸಂಗತಿ ಕೆಲಸ ಮಾಡುತ್ತವೆ. ನೀವು ಅವರ ಕೆಲಸ ನಿಜವಾಗಿ ಓದಿದ್ದೀರಿ ಅನ್ನುವುದು ಗೊತ್ತಾಗುತ್ತದೆ, ಮುಗಿಯುವ ಹೊತ್ತು ಗೊತ್ತಾಗುತ್ತದೆ. ಹಿರಿಯರಿಗಾದರೆ ಬರೆದು ಸುಮ್ಮನಾಗಬೇಡಿ, ಫೋನ್ ಮಾಡಿ. 'ಸರ್, ನಿಮ್ದೊಂದ್ ಎರಡ್ ತಾಸು ಬೇಕಾಗಿತ್ರಿ' ಅಂದರೆ ನಮ್ಮ ಕಡೆ ಇಲ್ಲ ಅನ್ನುವವರು ಕಡಿಮೆ.

ಹೆಜ್ಜೆ 3: ಜಾಗ, ಹೊತ್ತು, ಚಹಾ

ಚಿಗರಿ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದ ಜಾಗ ಇರಲಿ. ವೇದಿಕೆ ಇರುವ ಸಭಾಂಗಣ ಬೇಡ. ವೇದಿಕೆ ಇದ್ದರೆ ಅಧ್ಯಕ್ಷರು ಬೇಕಾಗುತ್ತಾರೆ, ಅಧ್ಯಕ್ಷರು ಬಂದರೆ ಶಾಲು-ಹಾರ ಬರುತ್ತದೆ, ಅಷ್ಟರಲ್ಲಿ ಒಂದು ತಾಸು ಹೋಗಿರುತ್ತದೆ. ಗುಂಡಗೆ ಕುರ್ಚಿ ಹಾಕಬಹುದಾದ ಕೋಣೆ, ಒಂದು ಬೋರ್ಡು, ಎರಡು ದೊಡ್ಡ ಹಾಳೆ ಅಂಟಿಸಲು ಗೋಡೆ, ಇಷ್ಟು ಸಾಕು. ತಿಂಗಳು ತಿಂಗಳು ಜಾಗ ಬದಲಾಗುತ್ತಿರಲಿ. ಒಮ್ಮೆ ಕೃಷಿ ವಿವಿ, ಒಮ್ಮೆ ವೈದ್ಯಕೀಯ ಕಾಲೇಜು, ಒಮ್ಮೆ ಕವಿವಿ. ಯಾರ ಮನೆಗೆ ಯಾರು ಬರಬೇಕು ಅನ್ನುವ ಸಣ್ಣ ಬಿಗುಮಾನ ಅದರಿಂದ ಕರಗುತ್ತದೆ, ಜೊತೆಗೆ ಒಬ್ಬರ ಲ್ಯಾಬ್ ಇನ್ನೊಬ್ಬರು ಕಣ್ಣಾರೆ ನೋಡಿದ ಹಾಗೂ ಆಗುತ್ತದೆ.

ಹೊತ್ತು ಆರಿಸುವಾಗ ಎಲ್ಲರ ವರ್ಷದ ಲೆಕ್ಕ ನೋಡಿ. ಜೂನ್‌ನಲ್ಲಿ ಬಿತ್ತನೆ ಶುರುವಾದರೆ ಕೃಷಿಯವರು ಸಿಗುವುದಿಲ್ಲ, ಕೃಷಿಮೇಳದ ಹಿಂದೆ ಮುಂದೆ ಅಂತೂ ಕೇಳಲೇಬೇಡಿ. ಮೌಲ್ಯಮಾಪನ, ನ್ಯಾಕ್ ಭೇಟಿ ಇರುವ ವಾರಗಳನ್ನು ಬಿಡಿ. ವೈದ್ಯರಿಗೆ ಬೆಳಗಿನ ಹೊತ್ತು ಒಪಿಡಿ. ಶನಿವಾರ ಮಧ್ಯಾಹ್ನ ಮೂರರಿಂದ ಐದು ಸಾಮಾನ್ಯವಾಗಿ ಎಲ್ಲರಿಗೂ ಹೊಂದುತ್ತದೆ.

ಖರ್ಚು ಚಹಾ ಮತ್ತು ಗಿರ್ಮಿಟ್‌ನಷ್ಟೇ. ಅದನ್ನು ಹಂಚಿಕೊಳ್ಳಿ. ಶುರುವಿನಲ್ಲೇ ಅನುದಾನ ಕೇಳಿದರೆ ಬಿಲ್ಲು, ಬ್ಯಾನರು, ಫೋಟೋ, ವರದಿ ಎಲ್ಲ ಬೆನ್ನು ಹತ್ತುತ್ತವೆ. ಆದರೆ ವಿದ್ಯಾರ್ಥಿಗಳಿಗೆ ತಮ್ಮ ಮಾರ್ಗದರ್ಶಕರ ಒಪ್ಪಿಗೆ ಇರಲಿ. ಗೈಡ್‌ಗೆ ಗೊತ್ತಿಲ್ಲದೆ ಬಂದ ಹುಡುಗ-ಹುಡುಗಿಯರಿಗೆ ಆಮೇಲೆ ತೊಂದರೆ ಆಗಬಾರದು.

ಹೆಜ್ಜೆ 4: ನಾಲ್ಕು ಸಾಲಿನ ಚೀಟಿ

ಇಡೀ ಕೂಟದ ಜೀವ ಇದರಲ್ಲಿದೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಮಾತಾಡುವ ಪ್ರತಿಯೊಬ್ಬರೂ ಎರಡು ದಿನ ಮೊದಲು ಒಂದು ಚೀಟಿ ಬರೆದು ಕಳಿಸಬೇಕು. ಅದರಲ್ಲಿ ನಾಲ್ಕೇ ಸಂಗತಿ: ನಾನು ಏನು ನೋಡುತ್ತಿದ್ದೇನೆ, ನನ್ನ ಹತ್ತಿರ ಏನಿದೆ, ಎಲ್ಲಿ ಸಿಕ್ಕಿಕೊಂಡಿದ್ದೇನೆ, ನನಗೆ ಏನು ಬೇಕು. ಒಂಬತ್ತನೇ ಕ್ಲಾಸಿನ ಹುಡುಗಿಗೆ ಅರ್ಥ ಆಗುವ ಹಾಗೆ ಬರೆಯಬೇಕು. ಆಹಾರ ರಸಾಯನಶಾಸ್ತ್ರದ ಒಬ್ಬ ವಿದ್ಯಾರ್ಥಿ ಬರೆಯಬಹುದಾದ ಚೀಟಿಯೊಂದನ್ನು ಮಾದರಿಗೆ ಕೊಡುತ್ತೇನೆ:

'ನೋಡುತ್ತಿರುವುದು: ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬಣ್ಣ ಗೋದಾಮಿನಲ್ಲಿ ಎಷ್ಟು ಬೇಗ ಮಾಸುತ್ತದೆ ಅಂತ. ಇರುವುದು: ಡಬ್ಬಿ ಮತ್ತು ಕಡ್ಡಿ ಎರಡೂ ಬಗೆಯ ಕಾಯಿ, ಬಣ್ಣ ಅಳೆಯುವ ಉಪಕರಣ. ಸಿಕ್ಕಿಕೊಂಡಿರುವುದು: ಪುಡಿ ಮಾಡಿ, ಅಸಿಟೋನ್‌ನಲ್ಲಿ ಹಾಕಿ, 16 ತಾಸು ಕತ್ತಲಲ್ಲಿಟ್ಟು, ಆಮೇಲೆ 460 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯಬೇಕು. ದಿನಕ್ಕೆ ಕೆಲವೇ ಸ್ಯಾಂಪಲ್ ಆಗುತ್ತವೆ. ಮಾರುಕಟ್ಟೆಯಲ್ಲಿ ಸಾವಿರಾರು ಚೀಲ ಇರುತ್ತವೆ. ಬೇಕಾಗಿರುವುದು: ಕಾಯಿ ಪುಡಿ ಮಾಡದೆ, ಬೇಗ ಬಣ್ಣ ಅಂದಾಜು ಮಾಡುವ ದಾರಿ.'

ಈ ಚೀಟಿ ಕೋಣೆಯಲ್ಲಿ ಏನು ಮಾಡಬಲ್ಲದು ನೋಡಿ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ, ಆ ಬಣ್ಣಕ್ಕೇ ಬೇಡಿಕೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಇದರಿಂದ ತೆಗೆದ ಓಲಿಯೋರೆಸಿನ್ ಅನ್ನುವ ಗಾಢ ಸಾರ ಆಹಾರಕ್ಕೂ ಹೋಗುತ್ತದೆ, ಸೌಂದರ್ಯವರ್ಧಕಗಳಿಗೂ ಹೋಗುತ್ತದೆ. ಈಗ ಚಿತ್ರ ಸಂಸ್ಕರಣೆ ಓದುವ ಇಂಜಿನಿಯರಿಂಗ್ ಹುಡುಗಿ ಕೇಳುತ್ತಾಳೆ: 'ಮೊಬೈಲ್‌ನಲ್ಲಿ ಫೋಟೋ ತೆಗೆದರೆ ಸಾಲದಾ?' ತಾನೇ ಮತ್ತೆ ಹೇಳುತ್ತಾಳೆ: ಫೋನಿನ ಕ್ಯಾಮೆರಾ ಬಣ್ಣವನ್ನು ತನಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತದೆ, ಹಾಗಾಗಿ ಪಕ್ಕದಲ್ಲಿ ಗೊತ್ತಿರುವ ಬಣ್ಣದ ಕಾರ್ಡ್ ಇಟ್ಟು, ಒಂದೇ ಬೆಳಕಿನ ಪೆಟ್ಟಿಗೆಯಲ್ಲಿ ತೆಗೆಯಬೇಕು. ಸಂಖ್ಯಾಶಾಸ್ತ್ರದವರು ಕೇಳುತ್ತಾರೆ: ಚೀಲದ ಬಾಯಿಯ ಕಾಯಿ, ತಳದ ಕಾಯಿ ಒಂದೇ ಥರ ಇರುತ್ತವಾ? ಒಂದು ಚೀಲಕ್ಕೆ ಎಷ್ಟು ಕಾಯಿ, ಎಷ್ಟು ಆಳದಿಂದ? ಅರ್ಥಶಾಸ್ತ್ರದವರು: ವ್ಯಾಪಾರಸ್ಥರು ನಿಜಕ್ಕೂ ಬಣ್ಣಕ್ಕೆ ದುಡ್ಡು ಕೊಡುತ್ತಾರಾ, ಇಲ್ಲ ತೇವ, ಉದ್ದ, ಸುಕ್ಕು ನೋಡಿ ಕೊಡುತ್ತಾರಾ? ಟೆಂಡರ್ ದರದ ದಾಖಲೆ ಇದೆಯಲ್ಲ, ಹೋಲಿಸಿ ನೋಡೋಣ. ಕಾನೂನಿನವರು: ಫೋನ್ ಕೊಟ್ಟ ಅಂಕಿಯ ಮೇಲೆ ದರ ನಿಂತರೆ ಅದು ಅಳತೆಯ ಉಪಕರಣ ಆಗುತ್ತದಾ, 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಏನು ಹೇಳುತ್ತದೆ? ದಲಾಲರು ಎಲ್ಲ ಕೇಳಿ ಕೊನೆಗೆ ಹೇಳುತ್ತಾರೆ: 'ನಾವು ಮುರಿದು ನೋಡ್ತೀವ್ರಿ, ಒಳಗಿನ ಬಣ್ಣ ಬ್ಯಾರೆ ಇರ್ತದ.' ಆ ಒಂದು ಮಾತಿಗೆ ಇಂಜಿನಿಯರ್ ತನ್ನ ಇಡೀ ಯೋಜನೆ ಬದಲಿಸಬೇಕಾಗಬಹುದು.

ಇದೇ ವಿದ್ಯಾರ್ಥಿ ಮುಗಿದ ಪೇಪರ್ ಓದಿದ್ದರೆ ಈ ಯಾವ ಪ್ರಶ್ನೆಯೂ ಬರುತ್ತಿರಲಿಲ್ಲ ಅಲ್ವಾ? ನಾಲ್ಕನೇ ಸಾಲು ಅದಕ್ಕೇ ಮುಖ್ಯ. 'ಸಹಯೋಗ ಬೇಕು' ಅಂತ ಬರೆದ ಚೀಟಿ ವಾಪಸ್ ಕಳಿಸಿ, ಏನು ಬೇಕು ಅಂತ ನಿಖರವಾಗಿ ಬರೆಸಿ.

ಹೆಜ್ಜೆ 5: ಕೂಟದ ಎರಡು ತಾಸು

ನಾಲ್ಕೇ ಜನ ಮಾತಾಡಲಿ. ಒಬ್ಬೊಬ್ಬರಿಗೆ ಐದು ನಿಮಿಷ ಮಾತು, ಹದಿನೈದು ನಿಮಿಷ ಪ್ರಶ್ನೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು 2008ರಲ್ಲಿ ಮೂರು ನಿಮಿಷದಲ್ಲಿ, ಒಂದೇ ಸ್ಲೈಡ್ ಇಟ್ಟುಕೊಂಡು ಪಿಎಚ್‌ಡಿ ಕೆಲಸ ಹೇಳುವ ಸ್ಪರ್ಧೆ ಶುರು ಮಾಡಿದರು, ಈಗ ಅದು ಹಲವು ದೇಶಗಳಲ್ಲಿ ನಡೆಯುತ್ತದೆ. ಅಷ್ಟು ಬಿಗಿ ನಮಗೆ ಬೇಡ, ಇದು ಸ್ಪರ್ಧೆಯೂ ಅಲ್ಲ. ಸ್ಲೈಡ್ ಬದಲು ವಸ್ತು ತರಲು ಹೇಳಿ. ಕಾಯಿ, ಕಲ್ಲು, ಶಾಸನದ ಅಚ್ಚು, ಎರೆ ಮಣ್ಣಿನ ಹೆಂಟೆ. ಕೈಯಿಂದ ಕೈಗೆ ದಾಟುವ ವಸ್ತುವಿನ ಬಗ್ಗೆ ಯಾರು ಬೇಕಾದರೂ ಪ್ರಶ್ನೆ ಕೇಳುತ್ತಾರೆ. ಗ್ರಾಫ್ ನೋಡಿ ಪ್ರಶ್ನೆ ಕೇಳಲು ಧೈರ್ಯ ಬೇಕಾಗುತ್ತದೆ.

ನಡೆಸಿಕೊಡುವವರು ಮೂರು ವಿಷಯದಲ್ಲಿ ಗಟ್ಟಿಯಾಗಿರಬೇಕು. ಮೊದಲ ಪ್ರಶ್ನೆ ಬೇರೆ ವಿಷಯದವರಿಂದ ಬರಬೇಕು. ವಿದ್ಯಾರ್ಥಿಗಳು ಕೇಳಿದ ಮೇಲೆಯೇ ಪ್ರಾಧ್ಯಾಪಕರು ಕೇಳಬೇಕು, ಯಾಕೆಂದರೆ ಹಿರಿಯರು ಮೊದಲು ಅಭಿಪ್ರಾಯ ಹೇಳಿಬಿಟ್ಟರೆ ಕಿರಿಯರು ಬಾಯಿ ತೆರೆಯುವುದಿಲ್ಲ, ಅದು ನಮ್ಮ ಬೆಳೆದು ಬಂದ ರೀತಿ. ಮೂರನೆಯದು, ವೈವಾ ಥರದ ಪ್ರಶ್ನೆ ನಡೆಯುವುದಿಲ್ಲ. 'ಇಂಥವರ ಪೇಪರ್ ನೋಡಿದ್ದೀರಾ?' ಅಂತ ಯಾರಾದರೂ ಕೇಳಿದರೆ ಮೃದುವಾಗಿ 'ಸರ್, ಆ ಪೇಪರ್ ಚೀಟಿಯಲ್ಲಿ ಬರೆದುಕೊಡ್ರಿ, ಉಪಯೋಗ ಆಗ್ತದ' ಅಂತ ಹೇಳಿ ಮುಂದೆ ಹೋಗಿ.

ಭಾಷೆಯ ಚಿಂತೆ ಬೇಡ. ಕನ್ನಡದಲ್ಲಿ ಮಾತಾಡಿ, ತಾಂತ್ರಿಕ ಪದ ಇಂಗ್ಲಿಷಿನಲ್ಲೇ ಬರಲಿ. ಐಐಟಿಯಲ್ಲಿ ಹೊರ ರಾಜ್ಯದವರಿರುತ್ತಾರೆ, ಪಕ್ಕದಲ್ಲಿ ಕೂತವರು ಹೇಳಿಕೊಟ್ಟರಾಯಿತು. ಇಂಗ್ಲಿಷಿನಲ್ಲೇ ನಡೆಸಿದರೆ ಕನ್ನಡ ಮಾಧ್ಯಮದಿಂದ ಬಂದ ಎಷ್ಟೋ ಒಳ್ಳೆಯ ಸಂಶೋಧಕರು, ಮತ್ತೆ ಹೊರಗಿನಿಂದ ಬಂದ ರೈತರು ಸುಮ್ನೆ ಕೂತುಬಿಡುತ್ತಾರೆ. ಆ ನಷ್ಟ ಬಹಳ ದೊಡ್ಡದು.

ಹೆಜ್ಜೆ 6: ಗೋಡೆಯ ಮೇಲೆ ಎರಡು ಹಾಳೆ

ಒಂದರ ಮೇಲೆ 'ನಮ್ಮ ಕಡೆ ಐತಿ' ಅಂತ ಬರೆಯಿರಿ, ಇನ್ನೊಂದರ ಮೇಲೆ 'ನಮಗ ಬೇಕು'. ಚಹಾ ಹೊತ್ತಿಗೆ ಎಲ್ಲರೂ ಎರಡರ ಮೇಲೂ ಒಂದೊಂದು ಸಾಲು ಬರೆದು ಹೆಸರು ಹಾಕಬೇಕು. ಕಳೆದ ಹತ್ತು ವರ್ಷದ ಮಳೆ ದಾಖಲೆ, ಪೈಥಾನ್ ಬರುವ ಇಬ್ಬರು ಎಂಎಸ್‌ಸಿ ವಿದ್ಯಾರ್ಥಿಗಳು, ಹಳಗನ್ನಡ ಓದಲು ಬರುವವರು, ಕುಂದಗೋಳದಲ್ಲಿ ಪರಿಚಯದ ರೈತರು, ಮೈಕ್ರೋಸ್ಕೋಪಿನಲ್ಲಿ ವಾರಕ್ಕೊಂದು ಮಧ್ಯಾಹ್ನ ಬಿಡುವು. ಮಾತಾಡಲು ಸಂಕೋಚ ಇರುವವರೂ ಇಲ್ಲಿ ಬರೆಯುತ್ತಾರೆ. ಎರಡೂ ಹಾಳೆಯ ಫೋಟೋ ಆ ರಾತ್ರಿಯೇ ಎಲ್ಲರಿಗೂ ಹೋಗಬೇಕು. ಹಳೆಯ ಹಾಳೆಗಳನ್ನು ಎಸೆಯಬೇಡಿ, ಮುಂದಿನ ಕೂಟದಲ್ಲೂ ಅಂಟಿಸಿ.

ಚಹಾಕ್ಕೆ ಅರ್ಧ ತಾಸು ಕೊಡಿ. ಕೊಡಲಿಲ್ಲ ಅಂದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ.

ಹೆಜ್ಜೆ 7: ಯಾವುದನ್ನು ಹಂಚಿಕೊಳ್ಳಬಾರದು

ಪೇಟೆಂಟ್ ಆಗಬಹುದಾದ ವಿಚಾರ ಇದ್ದರೆ ಕೂಟದಲ್ಲಿ ಹೇಳುವ ಮೊದಲೇ ಅರ್ಜಿ ಹಾಕಿ. ತಾತ್ಕಾಲಿಕ ವಿವರಣೆ ಸಲ್ಲಿಸಿದರೂ ಸಾಕು, ಪೂರ್ಣ ವಿವರಣೆಗೆ 12 ತಿಂಗಳ ಸಮಯ ಸಿಗುತ್ತದೆ. ಸಮಸ್ಯೆ ಏನು ಅಂತ ಹೇಳಲು ಯಾವ ಅಡ್ಡಿಯೂ ಇಲ್ಲ, ಪರಿಹಾರ ಹೇಗೆ ಅನ್ನುವುದನ್ನು ಮಾತ್ರ ಕಾಯ್ದಿಡಿ.

ರೋಗಿಗಳ ಮಾಹಿತಿಯಲ್ಲಿ ಹೆಸರು, ಊರು, ಆಸ್ಪತ್ರೆಯ ನಂಬರು ಯಾವುದೂ ಕಾಣಬಾರದು. ಹೆಸರು ತೆಗೆದರೂ 'ಇಂಥ ಹಳ್ಳಿಯ, ಇಷ್ಟು ವಯಸ್ಸಿನ, ಈ ಅಪರೂಪದ ಕಾಯಿಲೆಯ ಹೆಂಗಸು' ಅಂದರೆ ಆ ಹಳ್ಳಿಯವರಿಗೆ ಯಾರು ಅಂತ ಗೊತ್ತಾಗಿಬಿಡುತ್ತದೆ. ಆ ಮಾಹಿತಿ ಬೇರೆ ಸಂಸ್ಥೆಯವರ ಕೈಗೆ ಹೋಗಬೇಕಾದರೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಓದಿಕೊಳ್ಳಿ. ಸಮಾಜವಿಜ್ಞಾನದ ಸಂದರ್ಶನಗಳಿಗೂ ಇದೇ ಎಚ್ಚರ ಬೇಕು.

ಕಪ್ಪತಗುಡ್ಡದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. 2019ರಲ್ಲಿ ಅದು ವನ್ಯಜೀವಿ ಧಾಮ ಆಗಿದೆ. ಅಲ್ಲಿಂದ ಒಂದು ಎಲೆ ಸ್ಯಾಂಪಲ್ ತರಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ಅದಕ್ಕಿಂತ ಮುಖ್ಯವಾದದ್ದು, ಯಾವ ಗಿಡ ಯಾವುದಕ್ಕೆ ಅಂತ ಹೇಳಿಕೊಟ್ಟ ನಾಟಿ ವೈದ್ಯರ ತಿಳಿವಳಿಕೆ. ಅದು ನಮ್ಮ ಡೇಟಾ ಅಲ್ಲ, ಅವರದ್ದು. ಪರಂಪರೆಯ ತಿಳಿವಳಿಕೆಗೆ ಪೇಟೆಂಟ್ ಕೊಡುವಂತಿಲ್ಲ ಅಂತ ನಮ್ಮ ಪೇಟೆಂಟ್ ಕಾನೂನೇ ಹೇಳುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಮೊದಲು ಅವರ ಹತ್ತಿರ ಹೋಗಿ. ಸಾಧ್ಯವಾದರೆ ಆ ವೈದ್ಯರನ್ನೇ ಕೂಟಕ್ಕೆ ಕರೆದು, ಅವರು ಹೇಳಬೇಕು ಅನ್ನಿಸಿದಷ್ಟನ್ನು ಅವರ ಬಾಯಿಂದಲೇ ಕೇಳಿ. ಮತ್ತೆ ಅವರಿಗೆ ಹೋಗಿ ಬರುವ ಖರ್ಚು ಕೊಡಿ, ಇದನ್ನು ಮರೆಯುವವರು ಬಹಳ.

ಹೆಜ್ಜೆ 8: ವಾರದೊಳಗೆ ಒಂದು ಸಣ್ಣ ಕೆಲಸ

ಒಳ್ಳೆಯ ಮಾತುಕತೆ ಆದ ಮೇಲೆ ಎಲ್ಲರೂ 'ಮಾಡೋಣ್ರಿ, ಏನರ ಮಾಡೋಣು' ಅನ್ನುತ್ತಾರೆ. ಅಲ್ಲೇ ಹೆಚ್ಚಿನ ಸಹಯೋಗಗಳು ನಿಂತುಹೋಗುವುದು. ಕೂಟ ಮುಗಿಯುವ ಮೊದಲೇ, ಯಾರ್ಯಾರಿಗೆ ಆಸಕ್ತಿ ಇದೆಯೋ ಅವರು ಮತ್ತೆ ಸೇರುವ ದಿನ ಬರೆದುಕೊಳ್ಳಬೇಕು, ಮತ್ತು ಅದು ಏಳು ದಿನದ ಒಳಗೆ ಇರಬೇಕು.

ಆ ಸಭೆಯಲ್ಲಿ ದೊಡ್ಡ ಪ್ರಾಜೆಕ್ಟ್ ಬರೆಯಲು ಕೂರಬೇಡಿ. ಆರು ವಾರದಲ್ಲಿ, ದುಡ್ಡಿಲ್ಲದೆ ಆಗುವ ಒಂದು ಪರೀಕ್ಷೆ ಗೊತ್ತು ಮಾಡಿ. ಮೆಣಸಿನಕಾಯಿಯದೇ ತೆಗೆದುಕೊಂಡರೆ: ಇಪ್ಪತ್ತು ಚೀಲ, ಪ್ರತಿ ಚೀಲದ ಮೇಲೆ-ನಡು-ತಳದಿಂದ ಕಾಯಿ, ಮುರಿಯುವ ಮೊದಲು ಮತ್ತು ಮುರಿದ ಮೇಲೆ ಫೋಟೋ, ಅದೇ ಕಾಯಿಗಳನ್ನು ಲ್ಯಾಬಿನಲ್ಲಿ ಅಸಿಟೋನ್ ಪರೀಕ್ಷೆ. ಫೋಟೋದ ಅಂದಾಜು ಲ್ಯಾಬಿನ ಅಳತೆಗೆ ಎಷ್ಟು ಹತ್ತಿರ ಬಂದರೆ ಮುಂದುವರಿಯುವುದು, ಎಷ್ಟು ದೂರ ಇದ್ದರೆ ಬಿಡುವುದು ಅನ್ನುವುದನ್ನು ಮೊದಲೇ ಬರೆದಿಡಿ. ಆಮೇಲೆ ಬರೆದರೆ ಎಲ್ಲರೂ ತಮಗೆ ಬೇಕಾದ ಕಡೆ ಎಳೆಯುತ್ತಾರೆ.

ಇಲ್ಲಿ ಕಾಲದ ಲೆಕ್ಕ ಮೊದಲೇ ಮಾತಾಡಿಕೊಳ್ಳಬೇಕು. ಬೆಳೆ ಪ್ರಯೋಗ ಮಾಡುವವರಿಗೆ ಒಂದು ಪ್ರಯೋಗ ಅಂದರೆ ಒಂದು ಹಂಗಾಮು. ಮಳೆ ಕೈಕೊಟ್ಟರೆ ಇನ್ನೊಂದು ವರ್ಷ. ಕಂಪ್ಯೂಟರಿನವರಿಗೆ ಮೂರು ತಿಂಗಳಲ್ಲಿ ಸಮ್ಮೇಳನದ ಗಡುವು ಬಂದಿರುತ್ತದೆ. ಇತಿಹಾಸದವರು ಒಂದು ಶಾಸನದ ಪಾಠ ಸರಿಮಾಡಲು ವರ್ಷ ತೆಗೆದುಕೊಂಡರೂ ಅದು ಸೋಮಾರಿತನ ಅಲ್ಲ, ಆ ಕೆಲಸವೇ ಹಾಗೆ. ಇದು ಗೊತ್ತಿಲ್ಲದೆ ಒಬ್ಬರು ಇನ್ನೊಬ್ಬರನ್ನು ನಿಧಾನ ಅಂತಲೋ ಅವಸರ ಅಂತಲೋ ತಿಳಿದುಕೊಂಡು ಬೇಸರ ಮಾಡಿಕೊಳ್ಳುತ್ತಾರೆ.

ಹೆಜ್ಜೆ 9: ಒಂದು ಪುಟದ ಒಪ್ಪಂದ

ದುಡ್ಡಿನಿಂದ ಕೆಡುವುದಕ್ಕಿಂತ ಜಾಸ್ತಿ ಸಂಬಂಧಗಳು ಕೆಡುವುದು ಪೇಪರಿನಲ್ಲಿ ಹೆಸರಿನ ಸಾಲಿನಿಂದ. ಬೇರೆ ಬೇರೆ ವಿಷಯಗಳಲ್ಲಿ ಪದ್ಧತಿ ಬೇರೆ ಬೇರೆ. ಗಣಿತದಲ್ಲಿ ಹೆಸರುಗಳು ಸಾಮಾನ್ಯವಾಗಿ ಅಕ್ಷರಮಾಲೆಯ ಕ್ರಮದಲ್ಲಿ. ವೈದ್ಯಕೀಯ, ಜೀವವಿಜ್ಞಾನದಲ್ಲಿ ಮೊದಲ ಹೆಸರು ಕೆಲಸ ಮಾಡಿದವರದು, ಕೊನೆಯ ಹೆಸರು ಲ್ಯಾಬಿನ ಹಿರಿಯರದು. ಮಾನವಿಕದಲ್ಲಿ ಒಬ್ಬರೇ ಬರೆಯುವುದು ರೂಢಿ. ಅರ್ಥಶಾಸ್ತ್ರದವರು ಅಕ್ಷರಮಾಲೆಯ ಪ್ರಕಾರ ಬರೆದ ಹೆಸರನ್ನು ಸೂಕ್ಷ್ಮಜೀವಿಶಾಸ್ತ್ರದವರು ನೋಡಿ, ತಮ್ಮನ್ನು ಹಿಂದಕ್ಕೆ ತಳ್ಳಿದರು ಅಂದುಕೊಳ್ಳುವುದು ಸಹಜವೇ.

ಆದ್ದರಿಂದ ಮೊದಲ ಸ್ಯಾಂಪಲ್ ಮುಟ್ಟುವ ಮೊದಲು ಒಂದು ಪುಟ ಬರೆದು ಎಲ್ಲರೂ ಸಹಿ ಹಾಕಿ. ಯಾರು ಏನು ಮಾಡುತ್ತಾರೆ, ಡೇಟಾ ಎಲ್ಲಿ ಇರುತ್ತದೆ, ಯಾರ ಪಿಎಚ್‌ಡಿಯಲ್ಲಿ ಯಾವ ಭಾಗ ಹೋಗುತ್ತದೆ, ಒಬ್ಬರು ನಡುವೆ ಬಿಟ್ಟುಹೋದರೆ ಅವರ ಡೇಟಾ ಬಳಸಬಹುದಾ, ಯಾವ ಪೇಪರಿಗೆ ಯಾರು ಮೊದಲು. ಪಾತ್ರಗಳನ್ನು ಬರೆಯಲು ಕ್ರೆಡಿಟ್ ಅನ್ನುವ ಪಟ್ಟಿ ಇದೆ, ಪರಿಕಲ್ಪನೆಯಿಂದ ಹಿಡಿದು ಸಾಫ್ಟ್‌ವೇರ್, ಸಂಪನ್ಮೂಲ, ಮೇಲ್ವಿಚಾರಣೆ ತನಕ 14 ಪಾತ್ರಗಳು. ಅದನ್ನು ಎದುರಿಗಿಟ್ಟುಕೊಂಡು ಹೆಸರು ತುಂಬಿದರೆ ಅರ್ಧ ತಾಸಿನ ಕೆಲಸ. ಬರೀ ವಿಭಾಗದ ಮುಖ್ಯಸ್ಥರು ಅಂತ ಹೆಸರು ಸೇರಿಸುವಂತಿಲ್ಲ ಅನ್ನುವುದೂ ಆ ಪುಟದಲ್ಲಿರಲಿ. ಈ ವಿಷಯದಲ್ಲಿ ವಿದ್ಯಾರ್ಥಿಗಳಿಗೆ ದನಿ ಇರುವುದಿಲ್ಲ, ಹಾಗಾಗಿ ಗುಂಪಿನ ಹಿರಿಯರೇ ಅದನ್ನು ಮೊದಲು ಎತ್ತಬೇಕು.

ಸಂಸ್ಥೆಗಳ ನಡುವಿನ ಒಡಂಬಡಿಕೆ (ಎಂಒಯು) ಆಮೇಲೆ. ಎಂಒಯು ಮಾಡಿ ಫೋಟೋ ತೆಗೆಸಿಕೊಂಡು ಕೆಲಸ ಹುಡುಕುವುದು ಉಲ್ಟಾ ದಾರಿ. ಕೆಲಸ ನಡೆಯುತ್ತಿದ್ದು, ಹಣ ಅಥವಾ ಸ್ಯಾಂಪಲ್ ಎರಡು ಸಂಸ್ಥೆಗಳ ನಡುವೆ ಓಡಾಡಬೇಕಾದಾಗ ಎಂಒಯು ಮಾಡಿ.

ಹೆಜ್ಜೆ 10: ಉಪಕರಣ ಮತ್ತು ದುಡ್ಡು

ಉಪಕರಣ ಕೊಳ್ಳುವ ಮೊದಲು ಐ-ಸ್ಟೆಮ್ ಪೋರ್ಟಲ್ ನೋಡಿ. ಸರ್ಕಾರದ ದುಡ್ಡಿನಲ್ಲಿ ಕೊಂಡ ಉಪಕರಣಗಳು ಯಾವ ಊರಿನಲ್ಲಿವೆ ಅಂತ ಅಲ್ಲಿ ಸಿಗುತ್ತದೆ, ಹೊರಗಿನವರೂ ಬುಕ್ ಮಾಡಬಹುದು. ಹಣಕ್ಕೆ ರಾಜ್ಯದ ವಿಜ್ಞಾನ-ತಂತ್ರಜ್ಞಾನ ದೃಷ್ಟಿ ಗುಂಪು ವಿಜಿಎಸ್‌ಟಿ, ಕೇಂದ್ರದಲ್ಲಿ 2023ರ ಕಾಯ್ದೆಯಿಂದ ಬಂದ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಎಎನ್‌ಆರ್‌ಎಫ್ (ಮೊದಲು ಅನುದಾನ ಕೊಡುತ್ತಿದ್ದ ಎಸ್‌ಇಆರ್‌ಬಿ ಇದರಲ್ಲೇ ಸೇರಿದೆ), ಸಮಾಜವಿಜ್ಞಾನಕ್ಕೆ ಐಸಿಎಸ್‌ಎಸ್‌ಆರ್, ವೈದ್ಯಕೀಯಕ್ಕೆ ಐಸಿಎಂಆರ್. ಆರು ವಾರದ ಸಣ್ಣ ಕೆಲಸದ ಫಲಿತಾಂಶ ಕೈಯಲ್ಲಿದ್ದರೆ ಅರ್ಜಿಗೆ ತೂಕ ಬರುತ್ತದೆ.

ಹೆಜ್ಜೆ 11: ನಿಲ್ಲದ ಹಾಗೆ ನೋಡಿಕೊಳ್ಳುವುದು

ಒಬ್ಬರೇ ಹೊತ್ತುಕೊಂಡ ಕೂಟ ಅವರಿಗೆ ವರ್ಗಾವಣೆಯಾದರೆ, ಪಿಎಚ್‌ಡಿ ಮುಗಿದರೆ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಪ್ರತಿ ಮೂರು ತಿಂಗಳಿಗೆ ನಡೆಸುವ ಜೋಡಿ ಬದಲಾಗಲಿ, ಒಬ್ಬರು ವಿಜ್ಞಾನದಿಂದ, ಒಬ್ಬರು ಮಾನವಿಕದಿಂದ. ಒಂದು ನೋಟ್‌ಬುಕ್ ಇರಲಿ. ಯಾರು ಬಂದರು, ಯಾವ ಚೀಟಿ ಬಂತು, ಯಾವ ಜೋಡಿ ಕೂಡಿತು, ಯಾವುದು ಮುಂದೆ ಹೋಗಲಿಲ್ಲ ಮತ್ತು ಯಾಕೆ. ಮುಂದೆ ಹೋಗದ್ದನ್ನೂ ಬರೆಯಿರಿ, ಎರಡು ವರ್ಷದ ಮೇಲೆ ಹೊಸ ಉಪಕರಣವೋ ಹೊಸ ವ್ಯಕ್ತಿಯೋ ಬಂದಾಗ ಅದೇ ಚೀಟಿ ಕೆಲಸಕ್ಕೆ ಬರಬಹುದು. ವಾಟ್ಸ್ಆ್ಯಪ್ ಗುಂಪು ಮಾಡಿದರೆ ದಿನಾಂಕ, ಚೀಟಿ, ಹಾಳೆಯ ಫೋಟೋ ಇಷ್ಟಕ್ಕೇ ಇರಲಿ. ಶುಭಾಶಯ ಬರಲು ಶುರುವಾದರೆ ಕೆಲಸದ ಸಂದೇಶ ಯಾರೂ ಓದುವುದಿಲ್ಲ.

ವರ್ಷಕ್ಕೆ ಎರಡು ಸಲ ಕೋಣೆ ಬಿಟ್ಟು ಹೊರಗೆ ಹೋಗಿ. ಜನವರಿಯಿಂದ ಮಾರ್ಚ್ ನಡುವೆ ಬ್ಯಾಡಗಿ ಮಾರುಕಟ್ಟೆಗೆ, ಚಳಿಗಾಲದಲ್ಲಿ ಮಾಗಡಿ ಕೆರೆಗೆ, ಇಲ್ಲವೇ ಲಕ್ಕುಂಡಿಗೆ. ಬೆಳಿಗ್ಗೆ ಬೇಗ ಹೊರಡಿ, ಒಂದೇ ಗಾಡಿಯಲ್ಲಿ ಹೋಗಿ. ಕೂರಿಸುವಾಗ ಒಂದೇ ವಿಭಾಗದ ಇಬ್ಬರು ಅಕ್ಕಪಕ್ಕ ಬರದ ಹಾಗೆ ನೋಡಿಕೊಳ್ಳಿ. ಗದಗ, ಹಾವೇರಿಯ ವಿವಿಗಳವರಿಗೆ ಮುಂಚೆಯೇ ತಿಳಿಸಿ ಅಲ್ಲಿಗೇ ಬರಲು ಹೇಳಿದರೆ ಅವರಿಗೆ ಧಾರವಾಡದ ತನಕ ಬರುವ ತಾಪತ್ರಯ ಇರುವುದಿಲ್ಲ. ನೋಡಲು ಹೋದ ಕಡೆ ಸ್ಥಳೀಯರೊಬ್ಬರು ಮಾತಾಡಲಿ, ಉಳಿದವರು ಕೇಳಲಿ, ಚೀಟಿಗಳನ್ನು ವಾಪಸ್ ಬರುವಾಗ ಗಾಡಿಯಲ್ಲೇ ಬರೆಸಿಕೊಳ್ಳಿ.